ಗಾಳಿ ಎಷ್ಟಿದೆ, ರಾಗ್ನಾ?

ಕಳೆದ ಶುಕ್ರವಾರ, ಬೆಳಗಿನ ಜಾವ ಐದು ಗಂಟೆ ಹತ್ತು ನಿಮಿಷ. ಬೆಳಗು ಅನ್ನುವುದು ಗಡಿಯಾರ ನೋಡಿ ಹೇಳುವ ಮಾತು ಅಷ್ಟೇ. ಭೂಮಿಯ ಉತ್ತರದ ತುದಿಯಲ್ಲಿರುವ ನಮ್ಮ ಸ್ಕಾರ್ವನೆಸ್ಸಿನಲ್ಲಿ ಚಳಿಗಾಲದ ಕತ್ತಲೆ ಕವಿದು, ಸೂರ್ಯನ ಮುಖ ಕಂಡು ಎರಡು ತಿಂಗಳಾಗಿದೆ. ದಕ್ಕೆಯ ಕಂಬದ ದೀಪದ ಕೆಳಗೆ ಹಿಮ ಅಡ್ಡಡ್ಡ ಹಾರುತ್ತಿದೆ. ಆ ಬೆಳಕಿನೊಳಕ್ಕೆ ಕಿತ್ತಳೆ ಬಣ್ಣದ ದಪ್ಪ ಅಂಗಿ ತೊಟ್ಟ ಹೆಂಗಸೊಬ್ಬಳು ತಲೆಯಿಂದ ಗಾಳಿಯನ್ನು ದೂಡುತ್ತ ನಡೆದು ಬರುತ್ತಾಳೆ. ಒಂದು ಕೈಯಲ್ಲಿ ಕಾಫಿಯ ಫ್ಲಾಸ್ಕು, ಇನ್ನೊಂದರಲ್ಲಿ ಅಂಗೈಯಷ್ಟು ದೊಡ್ಡ ಗಾಳಿಮಾಪಕ. ಗೋದಾಮಿನ ಬಾಗಿಲಲ್ಲಿ ನಿಂತ ಹಿಲ್ಮಾರ್ ಅಲ್ಲಿಂದಲೇ ಕೂಗುತ್ತಾನೆ.

"ಎಂಟು ನಿಮಿಷ ಲೇಟು! ಮೊಮ್ಮಗು ಬರೋ ದಿನವಾದ್ರೂ ಬೇಗ ಏಳಬಾರದೇನೇ?"

"ಮನೆಯಿಂದ ಇಲ್ಲಿಗೆ ಮುನ್ನೂರ ನಲವತ್ತು ಹೆಜ್ಜೆ. ಇವತ್ತು ಐನೂರಾಯ್ತು. ಎರಡು ಮುಂದಿಟ್ರೆ ಒಂದು ಹಿಂದಕ್ಕೆ ಕಳಿಸ್ತಾ ಇದೆ ಈ ಗಾಳಿ. ಮೊದಲು ಬಾಗಿಲು ಬಿಡು, ಒಳಗೆ ಬರ್ತೀನಿ."

ಇವಳು ರಾಗ್ನಾ. ವಯಸ್ಸು ಐವತ್ತೆಂಟು. ನಮ್ಮೂರಲ್ಲಿ ಪಾದ್ರಿಗೂ ಏಕವಚನ, ಕಪ್ತಾನನಿಗೂ ಏಕವಚನ. ಬಹುವಚನ ಹಚ್ಚಿದರೆ ರಾಗ್ನಾ ತನ್ನ ಬೆನ್ನ ಹಿಂದೆ ಇನ್ಯಾರು ಬಂದರೆಂದು ತಿರುಗಿ ನೋಡುವವಳು. ಹಾಗಾಗಿ ಓದುಗರು ನನ್ನ ಏಕವಚನವನ್ನು ಸಲಿಗೆ ಎಂದುಕೊಂಡರೂ ಸರಿ, ಪ್ರೀತಿ ಎಂದುಕೊಂಡರೂ ಸರಿ.

ಅವಳ ಕೆಲಸ ಹಗ್ಗ ಹಿಡಿಯುವುದು. ಕರಾವಳಿಯ ಹಡಗು ದಿನಕ್ಕೆರಡು ಸಲ ನಮ್ಮ ದಕ್ಕೆಗೆ ಬರುತ್ತದೆ, ಬೆಳಿಗ್ಗೆ ಆರಕ್ಕೆ ಕಾಲು ಗಂಟೆ ಇರುವಾಗ ಪೂರ್ವಕ್ಕೆ ಹೋಗುತ್ತ, ಸಂಜೆ ನಾಲ್ಕೂವರೆಗೆ ಪಶ್ಚಿಮಕ್ಕೆ ಮರಳುತ್ತ. ಹಡಗಿನ ಮೇಲಿಂದ ಮೊದಲು ಒಂದು ಸಣ್ಣ ಹಗ್ಗ ಹಾರಿ ಬೀಳುತ್ತದೆ. ರಾಗ್ನಾ ಅದನ್ನು ಹಿಡಿದು ಎಳೆದರೆ ಅದರ ಬಾಲಕ್ಕೆ ಕಟ್ಟಿದ ತೊಡೆಗಾತ್ರದ ಹಗ್ಗ ನೀರಿನಿಂದ ಮೇಲೆ ಬರುತ್ತದೆ. ಅದರ ಕುಣಿಕೆಯನ್ನು ದಕ್ಕೆಯ ಕಬ್ಬಿಣದ ಗೂಟಕ್ಕೆ ತೊಡಿಸಬೇಕು. ಮುಂದಿನ ಗೂಟ ಅವಳದ್ದು, ಹಿಂದಿನದು ಅರವತ್ತಾರರ ಹಿಲ್ಮಾರನದ್ದು. ಹದಿನೈದು ನಿಮಿಷ ಕಳೆದ ಮೇಲೆ ಕುಣಿಕೆ ಬಿಚ್ಚಿ ನೀರಿಗೆ ಹಾಕಬೇಕು. ಇಪ್ಪತ್ತಾರು ವರ್ಷಗಳಿಂದ ಇದೇ.

ಪುರವಣಿಯ ಸಂಪಾದಕರು "ಎಲೆಮರೆಯ ಕಾಯಿ ಒಂದನ್ನು ಹುಡುಕಿ ಬರೆಯಿರಿ" ಎಂದಾಗ ನನಗೆ ನಗು ಬಂತು. ನಮ್ಮೂರಲ್ಲಿ ಮರವೇ ಇಲ್ಲ. ಶಾಲೆಯ ಮುಂದೆ ನೆಟ್ಟ ಒಂದು ಗಿಡವನ್ನು ಮೂರನೇ ಚಳಿಗಾಲ ಸಮುದ್ರಕ್ಕೆ ಎತ್ತಿಕೊಂಡು ಹೋಯಿತು. ಎಲೆಯೇ ಇಲ್ಲದ ಊರಲ್ಲಿ ಮರೆಯೆಲ್ಲಿಂದ ತರಲಿ? ಆದರೂ ಬಟಾಬಯಲಲ್ಲಿ, ಕಿತ್ತಳೆ ಅಂಗಿ ತೊಟ್ಟು, ದೀಪದ ಕೆಳಗೇ ನಿಂತು ಯಾರ ಕಣ್ಣಿಗೂ ಬೀಳದವರು ಇದ್ದಾರೆ ನೋಡಿ. ಬೇಸಿಗೆಯಲ್ಲಿ ಪ್ರವಾಸಿಗರು ಹಡಗಿನ ಚಿತ್ರ ತೆಗೆಯುತ್ತಾರೆ, ಕಪ್ತಾನನ ಟೊಪ್ಪಿಗೆಯ ಚಿತ್ರ ತೆಗೆಯುತ್ತಾರೆ, ದಕ್ಕೆಯ ಮೇಲಿನ ಕಡಲಹಕ್ಕಿಯ ಚಿತ್ರವನ್ನೂ ತೆಗೆಯುತ್ತಾರೆ. ಒಬ್ಬ ಮಹಾನುಭಾವ ಹಕ್ಕಿಗೆ ಅಡ್ಡ ಬಂದಳೆಂದು ರಾಗ್ನಾಳನ್ನು ಪಕ್ಕಕ್ಕೆ ಸರಿ ಎಂದನಂತೆ.

"ಸರಿದೆ ಮತ್ತೆ," ಅನ್ನುತ್ತಾಳೆ ರಾಗ್ನಾ. "ಹಕ್ಕಿ ಚೆನ್ನಾಗೇ ಇತ್ತು."

ಹಗ್ಗ ಹಿಡಿಯುವುದು ಅವಳ ಕೆಲಸದ ಅರ್ಧ. ಇನ್ನರ್ಧ ಗಾಳಿ ಹೇಳುವುದು. ಹಡಗು ಕೊಲ್ಲಿಯ ಬಾಯಿಗೆ ಬರುವ ಮೊದಲು ಕಪ್ತಾನ ರೇಡಿಯೋದಲ್ಲಿ ಕೇಳುತ್ತಾನೆ: ಗಾಳಿ ಎಷ್ಟಿದೆ? ದಕ್ಕೆಯ ಮೇಲೆ ನಿಂತವರು ಅಳೆದು ಸಂಖ್ಯೆ ಹೇಳಬೇಕು. ಸೆಕೆಂಡಿಗೆ ಇಪ್ಪತ್ತು ಮೀಟರಿನ ಒಳಗಿದ್ದರೆ ಹಡಗು ಒಳಗೆ ಬರುತ್ತದೆ. ಇಪ್ಪತ್ತು ದಾಟಿದರೆ ಮೂಗು ಆಚೆ ತಿರುಗಿಸಿಕೊಂಡು ಮುಂದಿನ ಊರಿಗೆ ಹೋಗುತ್ತದೆ. ಕಳೆದ ಚಳಿಗಾಲದಲ್ಲಿ ಹಾಗೆ ನಲವತ್ತೊಂದು ಸಲ ಹೋಗಿದೆ. ಗೋದಾಮಿನ ಗೋಡೆಗೂ ಒಂದು ಮಾಪಕ ಹಾಕಿದ್ದಾರೆ, ಆದರೆ ಅದು ಗೋಡೆಯ ಮರೆಯಲ್ಲಿ ಕೂತು ಯಾವಾಗಲೂ ಎರಡು ಮೂರು ಕಡಿಮೆಯೇ ತೋರಿಸುತ್ತದೆ. ರಾಗ್ನಾ ಅದರ ಕಡೆ ನೋಡುವುದೇ ಇಲ್ಲ. ದಕ್ಕೆಯ ಕಟ್ಟಕಡೆಗೆ ನಡೆದು, ಕೈ ಮೇಲೆತ್ತಿ, ನೂರರವರೆಗೆ ಎಣಿಸಿ, ಅಷ್ಟರಲ್ಲಿ ಬಂದ ಅತಿ ದೊಡ್ಡ ಬೀಸನ್ನೇ ಹೇಳುತ್ತಾಳೆ.

ಗಾಳಿ ಬಂದಾಗ ತೂರಿಕೋ ಎಂಬ ಗಾದೆ ಕಟ್ಟಿದವನು ನಮ್ಮೂರಿಗೆ ಬಂದಿರಲಿಕ್ಕಿಲ್ಲ. ಇಲ್ಲಿ ಗಾಳಿ ಬಂದರೆ ತೂರಿಹೋಗುವವರು ನಾವೇ. ಗುಡ್ಡದ ರಸ್ತೆ ಹಿಮದಿಂದ ಮುಚ್ಚುತ್ತದೆ, ಪುಟ್ಟ ವಿಮಾನ ಇಳಿಯುವುದಿಲ್ಲ, ಉಳಿಯುವುದು ಹಡಗೊಂದೇ. ಔಷಧಿ, ಹಾಲು, ಮದುವೆಯ ಬಟ್ಟೆ, ಹಲ್ಲಿನ ಡಾಕ್ಟರು, ಎಲ್ಲವೂ ಅದರಲ್ಲೇ ಬರಬೇಕು. ಹಾಗಾಗಿ ಎಂಟುನೂರು ಜನರಿರುವ ಈ ಊರಲ್ಲಿ ರಾಗ್ನಾಳನ್ನು ಒಮ್ಮೆಯಾದರೂ ಪುಸಲಾಯಿಸದವರು ಯಾರೂ ಇಲ್ಲ. "ಎರಡೇ ಎರಡು ಮೀಟರ್ ಕಡಿಮೆ ಹೇಳೇ, ಪುಣ್ಯ ಬರುತ್ತೆ." ನಾನೂ ಕೇಳಿದ್ದೇನೆ, ನಾಚಿಕೆಯಿಲ್ಲದೆ. ನನ್ನ ಬಟ್ಟೆ ತೊಳೆಯುವ ಯಂತ್ರ ಆರು ದಿನ ನಮ್ಮ ಕಣ್ಣೆದುರೇ ಹಡಗಿನಲ್ಲಿ ಪೂರ್ವಕ್ಕೂ ಪಶ್ಚಿಮಕ್ಕೂ ಓಡಾಡಿಕೊಂಡಿತ್ತು. ಅವಳು "ಅಷ್ಟು ದಿನ ಸಮುದ್ರದಲ್ಲಿ ತಿರುಗಿದೆಯಲ್ಲ, ನೀರಿನ ಅಭ್ಯಾಸ ಆಗಿರುತ್ತೆ ಬಿಡು" ಎಂದು ನನ್ನನ್ನು ಸಾಗಹಾಕಿದಳು.

ಒಮ್ಮೆ ಮಾತ್ರ ಅವಳು ಸೋತಿದ್ದಾಳೆ. ಅದನ್ನು ಬರೆಯಬಹುದೇ ಎಂದು ಕೇಳಿದೆ. "ಅದನ್ನ ಬರೀದೇ ಇದ್ರೆ ಬಾಕಿ ಏನೂ ಬರೀಬೇಡ," ಎಂದಳು.

ಹದಿನೆಂಟು ವರ್ಷಗಳ ಹಿಂದಿನ ಮಾತು. ಮೇ ಹದಿನಾರು. ಮರುದಿನ ನಾಡಹಬ್ಬದ ಮೆರವಣಿಗೆ. ಊರಿನ ಬ್ಯಾಂಡು ದೂರದ ಸ್ಪರ್ಧೆಯಲ್ಲಿ ಮೊದಲ ಬಾರಿಗೆ ಗೆದ್ದು ಹಡಗಿನಲ್ಲಿ ಮರಳುತ್ತಿತ್ತು. ಊರಿಗೆ ಊರೇ ದಕ್ಕೆಯ ಮೇಲೆ ಬಾವುಟ ಹಿಡಿದು ನಿಂತಿತ್ತು. ಮಾಪಕದಲ್ಲಿ ಇಪ್ಪತ್ತೆರಡು. ರಾಗ್ನಾ ಬಾವುಟಗಳನ್ನು ನೋಡಿದಳು, ರೇಡಿಯೋ ಎತ್ತಿದಳು, "ಹತ್ತೊಂಬತ್ತು" ಎಂದಳು. ಹಡಗು ಬಂತು. ಮುಂದಿನ ಹಗ್ಗ ಗೂಟಕ್ಕೆ ಬಿದ್ದದ್ದೇ ತಡ, ಒಂದು ಬೀಸು ಹಡಗಿನ ಹಿಂಭಾಗವನ್ನು ಆಚೆ ತಳ್ಳಿತು. ಹಿಲ್ಮಾರನ ಹಗ್ಗ ಹರಿದು, ಅದರ ತುಂಡು ಹಿಂದಕ್ಕೆ ಚಿಮ್ಮಿ ಅವನ ಎಡಗಾಲಿಗೆ ಬಡಿಯಿತು.

"ಕಾಲು ಮುರಿದದ್ದು ಎರಡು ಕಡೆ," ಎಂದು ಹಿಲ್ಮಾರ್ ಕಾಫಿ ಬಗ್ಗಿಸುತ್ತ ಹೇಳುತ್ತಾನೆ. ಅವನು ಈಗಲೂ ಕುಂಟುತ್ತಾನೆ. "ಬ್ಯಾಂಡಿನವರು ಅಳ್ತಾ ನಿಂತಿದ್ರು. ಅಳೋಕೇನಾ ಗೆದ್ದು ಬಂದದ್ದು, ನುಡಿಸ್ರೋ ಅಂದೆ. ನನ್ನನ್ನ ಸ್ಟ್ರೆಚರ್ ಮೇಲೆ ಹೊತ್ಕೊಂಡು ಹೋಗೋವಾಗ ಮೂರು ಹಾಡು ನುಡಿಸಿದ್ರು. ಎರಡು ಮುರಿತಕ್ಕೆ ಮೂರು ಹಾಡು. ನನಗೇನೂ ನಷ್ಟ ಇಲ್ಲ."

ರಾಗ್ನಾ ನಗುವುದಿಲ್ಲ. ಈ ಜೋಕನ್ನು ಅವಳು ಹದಿನೆಂಟು ವರ್ಷಗಳಿಂದ ಕೇಳುತ್ತಿದ್ದಾಳೆ. ಹಿಲ್ಮಾರ್ ಅದನ್ನು ಹೇಳುವುದು ಅವಳನ್ನು ನಗಿಸಲೆಂದೇ, ಅದು ಅವಳಿಗೂ ಗೊತ್ತು.

ಯಾರೂ ಅವಳನ್ನು ದೂರಲಿಲ್ಲ; ಇಡೀ ಊರೇ ಆ ಸುಳ್ಳನ್ನು ಬಯಸಿತ್ತಲ್ಲ. ಹಡಗಿನ ಕಪ್ತಾನ ಯೊಸ್ಟೈನ್ ಆಗ ಹೊಸಬ, ತನ್ನದೇ ತಪ್ಪೆಂದುಕೊಂಡಿದ್ದ. ಮೂರು ದಿನಗಳ ನಂತರ ಹಡಗು ಮತ್ತೆ ಬಂದಾಗ ರಾಗ್ನಾ ಹಗ್ಗ ಕಟ್ಟಿ, ನೇರ ಮೆಟ್ಟಿಲು ಹತ್ತಿ ಅವನ ಮುಂದೆ ನಿಂತಳು. "ಇಪ್ಪತ್ತೆರಡು ಇತ್ತು. ನಾನು ಹತ್ತೊಂಬತ್ತು ಅಂದೆ. ಬೇಕಾದ್ರೆ ನನ್ನ ಕೆಲಸ ತೆಗೆಸು." ಯೊಸ್ಟೈನ್ "ಇನ್ಮುಂದೆ ಇದ್ದದ್ದನ್ನೇ ಹೇಳು. ನಾನು ನಂಬ್ತೀನಿ," ಎಂದನಂತೆ. ಅಲ್ಲಿಗೆ ಮಾತು ಮುಗಿಯಿತು. ಅಂದಿನಿಂದ ಮಾಪಕ ನಿಜವಾಗಿ ಹತ್ತೊಂಬತ್ತು ತೋರಿಸಿದರೂ ಆ ಸಂಖ್ಯೆ ಹೇಳಲು ಅವಳ ನಾಲಿಗೆ ತಡವರಿಸುತ್ತದೆ.

ಈಗ ಮತ್ತೆ ಕಳೆದ ಶುಕ್ರವಾರದ ಬೆಳಿಗ್ಗೆಗೆ ಬರೋಣ. ರಾಗ್ನಾಳ ಒಬ್ಬಳೇ ಮಗಳು ಸುನ್ನಿವಾ ಹೆರಿಗೆಗೆಂದು ಪಶ್ಚಿಮದ ದೊಡ್ಡ ಊರಿನ ಆಸ್ಪತ್ರೆಗೆ ಹೋಗಿ ಮೂರು ವಾರವಾಗಿತ್ತು. ಹೆಣ್ಣು ಮಗು ಹುಟ್ಟಿ ಒಂಬತ್ತು ದಿನ. ವಿಮಾನ ಮೂರು ದಿನಗಳಿಂದ ಬಂದ್, ರಸ್ತೆಯೂ ಬಂದ್. ಕೊನೆಗೆ ಗಂಡ ಹೆಂಡತಿ ಕೂಸನ್ನು ಕಟ್ಟಿಕೊಂಡು ಹಡಗು ಹತ್ತಿದ್ದರು. ಅದೂ ಎಂಥ ದಿನ? ಎರಡು ತಿಂಗಳ ಕತ್ತಲೆ ಮುಗಿದು ಸೂರ್ಯ ಮರಳುವ ದಿನ. ಶಾಲೆಗೆ ರಜೆ, ಮಕ್ಕಳ ತಲೆಗೆ ಹಳದಿ ಕಾಗದದ ಕಿರೀಟ, ಊರಿಗೆಲ್ಲ ಹಳದಿ ಕೆನೆ ತುಂಬಿದ ಸೂರ್ಯನ ಬನ್ನು. ಮನೆಯ ತೊಟ್ಟಿಲಿಗೆ ರಾಗ್ನಾ ತನ್ನ ಕೈಯಾರೆ ಹಗ್ಗ ನೇಯ್ದು ಕಟ್ಟಿದ್ದಳು. ಹಡಗನ್ನು ಹಿಡಿದಿಡುವ ಗಂಟನ್ನೇ ಅದಕ್ಕೂ ಹಾಕಿದ್ದಾಳೆ ಎಂದು ಹಿಲ್ಮಾರ್ ಊರಿಗೆಲ್ಲ ಸಾರಿದ್ದ.

ಐದೂವರೆಗೆ ಬೇಕರಿಯ ಗುಡ್ರುನ್ ಮೈಯೆಲ್ಲ ಹಿಟ್ಟು ಮಾಡಿಕೊಂಡು ಗೋದಾಮಿಗೆ ನುಗ್ಗಿದಳು. ಸುನ್ನಿವಾಳನ್ನು ಎತ್ತಿ ಆಡಿಸಿದವಳು ಅವಳು.

"ಎಷ್ಟಿದೆ?"

"ಇನ್ನೂ ಅಳೆದಿಲ್ಲ."

"ಅಳೀಬೇಡ ಮಾರಾಯ್ತಿ! ಗೋಡೆಯ ಮಾಪಕ ಹತ್ತೊಂಬತ್ತು ಅಂತಿದೆ, ನಾನೇ ಈಗ ನೋಡ್ದೆ. ಅದನ್ನೇ ಹೇಳು. ಅದು ಸುಳ್ಳೂ ಅಲ್ಲವಲ್ಲ, ಮಾಪಕವೇ ತಾನೇ ಹೇಳಿದ್ದು? ಒಂಬತ್ತು ದಿನದ ಕೂಸು ಕಣೇ, ನಿನ್ನ ರಕ್ತ!"

ರಾಗ್ನಾ ದಕ್ಕೆಯ ತುದಿಗೆ ಹೋಗಿ ಕೈ ಎತ್ತಿ ನಿಂತಳು. ಹಿಲ್ಮಾರ್, ಗುಡ್ರುನ್, ನಾನು, ಮೂವರೂ ಬಾಗಿಲಲ್ಲಿ ನಿಂತು ಅವಳ ಬೆನ್ನು ನೋಡುತ್ತಿದ್ದೆವು. ನೂರು ಎಣಿಸಲು ಅವಳಿಗೆ ಅಂದು ಬಹಳ ಹೊತ್ತು ಹಿಡಿಯಿತು. ಅವಳು ಮರಳಿ ಬರುವಷ್ಟರಲ್ಲಿ ರೇಡಿಯೋ ಕರಕರ ಎಂದಿತು. ಯೊಸ್ಟೈನ್.

"ಗಾಳಿ ಎಷ್ಟಿದೆ, ರಾಗ್ನಾ?"

"ಇಪ್ಪತ್ತೆರಡು. ಈಶಾನ್ಯದಿಂದ."

ರೇಡಿಯೋ ಮತ್ತೆ ಕರಕರ ಎಂದಿತು. "ನಿನ್ನ ಮೊಮ್ಮಗಳು ಇಲ್ಲೇ ಇದಾಳೆ, ಕಣ್ಣು ಬಿಟ್ಕೊಂಡು. ಇನ್ನೊಂದ್ಸಲ ನೋಡ್ತೀಯಾ?"

ರಾಗ್ನಾ ಇನ್ನೊಂದು ಸಲ ತುದಿಗೆ ಹೋದಳು. ಇನ್ನೊಂದು ನೂರು ಎಣಿಸಿದಳು. ಬಂದು ಹೇಳಿದಳು: "ಇಪ್ಪತ್ತಮೂರು."

"ಸರಿ," ಎಂದ ಯೊಸ್ಟೈನ್. "ಹೋಗ್ತೀವಿ."

ಗುಡ್ರುನ್ ಹಣೆ ಚಚ್ಚಿಕೊಂಡಳು. "ನೀನೇನು ಹೆತ್ತ ತಾಯಿಯೋ, ಹವಾಮಾನ ಇಲಾಖೆಯೋ?" ಎಂದು ಬೈದು, ಬೈದ ಬಾಯಲ್ಲೇ ಅವಳ ಕೈ ಹಿಡಿದು ಹೊರಗೆ ಎಳೆದಳು. ಹಡಗು ನಿಲ್ಲದೆ ಹೋದರೆ ನಮ್ಮೂರಲ್ಲಿ ಮನೆಯಲ್ಲಿ ಕೂರುವ ಪದ್ಧತಿಯಿಲ್ಲ. ಎಲ್ಲರೂ ಕಾರು ತೆಗೆದುಕೊಂಡು ಅಲೆತಡೆ ಗೋಡೆಯ ಮೇಲೆ ಸಾಲಾಗಿ ನಿಲ್ಲಿಸಿ ಹಡಗಿಗೆ ದೀಪ ಮಿನುಗಿಸುತ್ತೇವೆ. ಹಡಗು ಮೂರು ಸಲ ಕೂಗಿ ಉತ್ತರ ಕೊಡುತ್ತದೆ. ಬಂದಿಲ್ಲವಾದರೂ ಬಂದ ಹಾಗೆ ಅಂತ ಲೆಕ್ಕ. ಅಂದು ಬೆಳಿಗ್ಗೆ ಐವತ್ತಕ್ಕೂ ಹೆಚ್ಚು ಕಾರುಗಳಿದ್ದವು. ರಾತ್ರಿಯುಡುಪಿನ ಮೇಲೆ ಕೋಟು ಹಾಕಿಕೊಂಡು ಬಂದವರೂ ಇದ್ದರು.

ಹಿಲ್ಮಾರನ ಹಳೆಯ ಗಾಡಿಯಲ್ಲಿ ಕೂತು ರಾಗ್ನಾ ದೀಪದ ಗುಂಡಿ ಒತ್ತುತ್ತಿದ್ದಳು. ಹಡಗು ಮೈತುಂಬ ದೀಪ ಹಚ್ಚಿಕೊಂಡು ಏಳುತ್ತ ಬೀಳುತ್ತ ಎದುರಿಗೆ ಹಾದುಹೋಯಿತು. ಅವಳ ಫೋನು ಹೊಡೆದುಕೊಂಡಿತು.

"ಅಮ್ಮಾ, ಕಾಣಿಸ್ತಾ? ಎರಡನೇ ಸಾಲು, ಐದನೇ ಕಿಟಕಿ!"

"ಎಲ್ಲಾ ಕಿಟಕಿನೂ ಒಂದೇ ಥರ ಇವೆ ಕಣೇ. ಕೂಸು ಹಾಲು ಕುಡೀತಾ?"

"ಕುಡಿದು ವಾಂತಿನೂ ಮಾಡ್ತು, ಅವರಪ್ಪನ ಮೇಲೆ."

"ಸುನ್ನಿವಾ... ನನ್ನ ಮೇಲೆ ಸಿಟ್ಟಾ?"

"ಇಪ್ಪತ್ತಮೂರಮ್ಮಾ! ಕಪ್ತಾನನೇ ಹೇಳಿದ. ನಾವು ಇಲ್ಲಿ ಗೋಡೆ ಹಿಡ್ಕೊಂಡು ಕೂತಿದೀವಿ. ನೀನು ಹತ್ತೊಂಬತ್ತು ಅಂದಿದ್ರೆ ನಾನೇ ಹೋಗಿ ಕಪ್ತಾನನ ಹತ್ರ ಚಾಡಿ ಹೇಳ್ತಿದ್ದೆ."

ಹಡಗು ಮೂರು ಸಲ ಕೂಗಿತು. ರಾಗ್ನಾ ಅತ್ತಳು. ಅದನ್ನು ಮುಚ್ಚಿಟ್ಟು ಬರೆಯುವ ಅಗತ್ಯ ನನಗೆ ಕಾಣುವುದಿಲ್ಲ. ಹಿಲ್ಮಾರ್ ತನ್ನ ಕೈಗವಸು ಕೊಟ್ಟ, ಅದರಲ್ಲಿ ಮೂಗು ಒರೆಸಿಕೊಂಡು, "ಥೂ, ಮೀನಿನ ವಾಸನೆ" ಎಂದಳು. ನಿಜ ಹೇಳುವುದು ದೊಡ್ಡ ಮಾತೆಂದು ಎಲ್ಲರೂ ಹೇಳುತ್ತಾರೆ. ಮೊಮ್ಮಗಳು ಐದನೇ ಕಿಟಕಿಯಲ್ಲಿ ದಾಟಿ ಹೋಗುವಾಗಲೂ ನಿಜ ಹೇಳಿದವರನ್ನು ನಾನು ಇವಳೊಬ್ಬಳನ್ನೇ ಕಂಡಿದ್ದೇನೆ.

ಹಡಗನ್ನು ಓಡಿಸಿದ ಆ ಗಾಳಿಯೇ ಹಗಲಿಗೆ ಒಂದು ಉಪಕಾರವನ್ನೂ ಮಾಡಿತು. ಮೂರು ವರ್ಷಗಳಿಂದ ಈ ದಿನ ಮೋಡ ಮುಸುಕಿ, ಮಕ್ಕಳು ಸೂರ್ಯನಿಲ್ಲದ ದಿಕ್ಕಿಗೆ ಕೈಬೀಸಿ ಬನ್ನು ತಿಂದು ಮನೆಗೆ ಹೋಗುತ್ತಿದ್ದರು. ಈ ಸಲ ಗಾಳಿ ಆಕಾಶವನ್ನು ಗುಡಿಸಿ ಒರೆಸಿ ಇಟ್ಟಿತ್ತು. ಹನ್ನೊಂದು ನಲವತ್ತಕ್ಕೆ ಮೀನು ಒಣಗಿಸುವ ಅಟ್ಟಗಳ ಹಿಂದೆ, ಗುಡ್ಡದ ಸಂದಿಯಲ್ಲಿ, ಕೆಂಪು ಅಂಚು ಕಂಡಿತು. ಕೂಗು, ಕೇಕೆ, ಪಾತ್ರೆಗಳ ಬಡಿತ. ಪಾದ್ರಿ ಕೂಡ ಕಾಗದದ ಕಿರೀಟ ಹಾಕಿಕೊಂಡು ಕುಣಿದ. ನಾಲ್ಕು ನಿಮಿಷ ಇದ್ದು ಸೂರ್ಯ ಹೋದ. ಸಂಜೆ ಅದೇ ಹಡಗಲ್ಲಿ ಮರಳಲು ಪೂರ್ವದ ಊರಲ್ಲಿ ಕಾದಿದ್ದ ಸುನ್ನಿವಾ ಫೋನು ಮಾಡಿದಳು: ಕೂಸು ನಮ್ಮೆಲ್ಲರಿಗಿಂತ ಹತ್ತು ನಿಮಿಷ ಮೊದಲೇ ಸೂರ್ಯನನ್ನು ನೋಡಿತಂತೆ, ನೋಡಿ ಆಕಳಿಸಿತಂತೆ. "ಅಜ್ಜಿಯ ಹಾಗೆ, ಏನಕ್ಕೂ ಬೆರಗಾಗೋಲ್ಲ," ಎಂದು ಗುಡ್ರುನ್ ಷರಾ ಬರೆದಳು.

ಮೂರೂವರೆಗೆ ನಾನು ದಕ್ಕೆಗೆ ಹೋಗುವಷ್ಟರಲ್ಲಿ ಮತ್ತೆ ಕತ್ತಲು ಕವಿದಿತ್ತು. ಊರಿನ ಅರ್ಧ ಜನ ಆಗಲೇ ಅಲ್ಲಿದ್ದರು, ಕಿರೀಟ ತೆಗೆಯದೆ. ಗಾಳಿ ಇಳಿಯುತ್ತಿತ್ತು, ಆದರೆ ಪೂರ್ತಿ ಇಳಿದಿರಲಿಲ್ಲ. ಈ ಸಲ ಯಾರೂ ರಾಗ್ನಾಳನ್ನು ಪುಸಲಾಯಿಸಲಿಲ್ಲ. ಅವಳು ತುದಿಗೆ ಹೋಗಿ ಎಣಿಸಿದಳು. ಮರಳಿ ಬರಲಿಲ್ಲ, ಅಲ್ಲೇ ನಿಂತು ಮತ್ತೆ ಎಣಿಸಿದಳು. ಮೂರನೇ ಸಲ ಹಿಲ್ಮಾರನನ್ನು ಕರೆದು ಅವನ ಕೈಗೇ ಮಾಪಕ ಕೊಟ್ಟಳು. ಅವನು ಅಳೆದ, ಮಾಪಕ ನೋಡಿದ, ಆಮೇಲೆ ಅವಳ ಮುಖ ನೋಡಿದ.

"ಇರೋದೇ ಅಷ್ಟು ಕಣೇ," ಎಂದ. "ಹೇಳು."

"ಗಾಳಿ ಎಷ್ಟಿದೆ, ರಾಗ್ನಾ?" ರೇಡಿಯೋ ಕೇಳಿತು.

ರಾಗ್ನಾ ಬಾಯಿ ತೆರೆದು ಮುಚ್ಚಿದಳು. ಹಿಲ್ಮಾರ್ ತನ್ನ ಕುಂಟುಗಾಲನ್ನು ನೆಲಕ್ಕೆ ಎರಡು ಸಲ ಕುಟ್ಟಿದ, ಗಟ್ಟಿಯಾಗಿದೆ ನೋಡು ಅನ್ನುವ ಹಾಗೆ.

"ಹತ್ತೊಂಬತ್ತು," ಎಂದಳು ರಾಗ್ನಾ.

"ಬೇರೆ ದಕ್ಕೆಯವರು ಹತ್ತೊಂಬತ್ತು ಅಂದ್ರೆ ನಾನು ಎರಡು ಸೇರಿಸ್ಕೋತೀನಿ," ಎಂದ ಯೊಸ್ಟೈನ್. "ನೀನಂದ್ರೆ ಹತ್ತೊಂಬತ್ತೇ. ಬರ್ತಾ ಇದೀನಿ."

ಹಡಗು ನಿಧಾನಕ್ಕೆ ಪಕ್ಕಕ್ಕೆ ಸರಿದು ಬಂತು. ಸಣ್ಣ ಹಗ್ಗ ಹಾರಿತು. ರಾಗ್ನಾ ಅದನ್ನು ಗಾಳಿಯಲ್ಲೇ ಹಿಡಿದಳು. ಮೇಲೆ ಅಂಚಿನಲ್ಲಿ ಸುನ್ನಿವಾ ಎದೆಗೆ ಕಟ್ಟಿದ ಕೂಸಿನ ಗಂಟು ತೋರಿಸುತ್ತ "ಅಮ್ಮಾ! ಅಮ್ಮಾ, ನೋಡು!" ಎಂದು ಕೂಗುತ್ತಿದ್ದಳು. ರಾಗ್ನಾ ತಲೆ ಎತ್ತಲಿಲ್ಲ. ದೊಡ್ಡ ಹಗ್ಗ ಎಳೆದಳು, ಕುಣಿಕೆ ಗೂಟಕ್ಕೆ ತೊಡಿಸಿದಳು, ಬಿಗಿಯಾಗುವ ತನಕ ಕೈ ಎತ್ತಿ ಹಿಡಿದಳು. ಹಿಂದಿನ ಗೂಟದಿಂದ ಹಿಲ್ಮಾರ್ "ಆಯ್ತು!" ಎಂದು ಕೂಗಿದ. "ಮೊದಲು ಹಗ್ಗ, ಆಮೇಲೆ ಮಕ್ಕಳು ಮರಿ" ಎಂದು ಅವಳು ಯಾವಾಗಲೂ ಹೇಳುತ್ತಿದ್ದದ್ದು ತಮಾಷೆಗೆ ಎಂದುಕೊಂಡಿದ್ದೆ.

ಆಮೇಲೆ ಬ್ಯಾಂಡು ನುಡಿಸಿತು, ಹಿಲ್ಮಾರನ ಆ ಮೂರು ಹಾಡುಗಳನ್ನೇ. ಕೂಸು ಜನರ ಕೈಯಿಂದ ಕೈಗೆ ದಾಟುವುದನ್ನು ಗುಡ್ರುನ್ ಪೊಲೀಸಿನವಳಂತೆ ತಡೆದು, ನೇರ ಅಜ್ಜಿಯ ಹತ್ತಿರ ತಂದಳು. ರಾಗ್ನಾ ತನ್ನ ಒದ್ದೆ ಕೈಗವಸು ಕಿತ್ತೆಸೆದು, ಕೈಯನ್ನು ಅಂಗಿಯೊಳಗೆ ಬಿಸಿ ಮಾಡಿಕೊಂಡು, ಒಂದೇ ಬೆರಳಿಂದ ಆ ಕೆನ್ನೆ ಮುಟ್ಟಿದಳು. ಹದಿನೈದು ನಿಮಿಷದಲ್ಲಿ ಹನ್ನೆರಡು ಮುಗಿದಿತ್ತು. ಇನ್ನು ಮೂರು ನಿಮಿಷಕ್ಕೆ ಕುಣಿಕೆ ಬಿಚ್ಚಬೇಕು.

ಪುರವಣಿಯವಳಾಗಿ ನಾನು ಕೇಳಲೇಬೇಕಾದ ಪ್ರಶ್ನೆ ಕೇಳಿದೆ: ನಿನಗೇನಾದರೂ ಆಸೆ ಇದೆಯಾ? ಗೋದಾಮಿಗೊಂದು ಒಲೆ, ಹೊಸ ಅಂಗಿ, ಪೇಪರಿನಲ್ಲಿ ಒಂದು ಒಳ್ಳೆಯ ಚಿತ್ರ?

ಅವಳು ಕೂಸಿನಿಂದ ಕಣ್ಣು ಕೀಳದೆ ಯೋಚಿಸಿದಳು.

"ಚಿತ್ರ ಬೇಡ. ಹಕ್ಕಿಗೆ ಅಡ್ಡ ಬರುತ್ತೆ," ಎಂದಳು. "ಗಾಳಿ ಎಷ್ಟಿತ್ತು ಅನ್ನೋದನ್ನ ಮಾತ್ರ ಸರಿಯಾಗಿ ಹಾಕು. ಹತ್ತೊಂಬತ್ತು. ಚೆಂದ ಕಾಣ್ಲಿ ಅಂತ ಹದಿನೆಂಟು ಮಾಡ್ಬೇಡ."